ಪಕ್ಕದ ಮನೆಯ ವೈಫೈ, ಪಕ್ಕದ ಮನೆಯ ಹೆಸರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಮಕ್ಕಳೇ, ಈ ಮಾತು ನಿಮಗೆ. ಊರು ಬಿಟ್ಟು ಪೇಟೆಯಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುವವರಿಗೆ, ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದು ತೋಟದ ಮನೆಯ ಜಗಲಿಯಲ್ಲಿ ಮಾಡುವವರಿಗೆ, ಇನ್ನೂ ಅಪ್ಪನ ಫೋನಿನಲ್ಲೇ ಪಾಠ ನೋಡುವ ಚಿಕ್ಕವರಿಗೂ. ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಪಕ್ಕದ ಮನೆಯ ವೈಫೈಗೆ ಪಾಸ್‌ವರ್ಡೇ ಇಲ್ಲ. ನಮ್ಮ ಫೋನಿಗೆ ತಾನಾಗಿ ಸಿಗುತ್ತದೆ. ಒಂದಿಷ್ಟು ಬಳಸಿಕೊಂಡರೆ ಅವರಿಗೇನು ನಷ್ಟ?"

ನಷ್ಟದ ಲೆಕ್ಕ ಆಮೇಲೆ ನೋಡೋಣ. ಮೊದಲು ಉತ್ತರ ಹೇಳಿಬಿಡುತ್ತೇನೆ. ಕೇಳಿ ಬಳಸಿ. ಕೇಳಲು ನಾಚಿಕೆಯಾಗುವಂಥ ಕೆಲಸವಾದರೆ ಬಳಸಲೇಬೇಡಿ. ಯಾಕೆಂದರೆ ಆ ವೈಫೈ ಹಿಡಿದು ನೀವು ಹೊರಜಗತ್ತಿಗೆ ಹೋದಷ್ಟು ಹೊತ್ತೂ ಆ ಮನೆಯವರ ಹೆಸರು ಹೊದ್ದುಕೊಂಡು ಓಡಾಡುತ್ತಿರುತ್ತೀರಿ. ಡೇಟಾ ಖರ್ಚಾದರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಹೆಸರು ಹಾಗೆ ಬರುವುದಿಲ್ಲ.

ನಿಮ್ಮ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ. ನಮ್ಮ ಮನೆಗಳು ಬಯಲುಸೀಮೆಯ ಊರುಗಳ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡಿಲ್ಲ. ತೋಟದ ತಲೆಗೊಂದು, ಗದ್ದೆ ಬಯಲಿನ ಅಂಚಿಗೊಂದು ಒಂಟಿಮನೆ. ಟವರು ಒಂದು ಗುಡ್ಡದ ನೆತ್ತಿಯಲ್ಲಿ, ಮನೆ ಇನ್ನೊಂದು ಗುಡ್ಡದ ಬೆನ್ನಿಗೆ, ನಡುವೆ ಕಾಡು. ಮಳೆ ಹಿಡಿದರೆ ನೆನೆದ ಎಲೆಗಳೇ ಸಿಗ್ನಲ್ ಹೀರಿಕೊಳ್ಳುತ್ತವೆ. ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ಇರುವವರೆಗೆ ಮಾತ್ರ ಫೋನು. 2020 ಮತ್ತು 2021ರಲ್ಲಿ ಪಾಠವೆಲ್ಲ ಆನ್‌ಲೈನ್ ಆದಾಗ ಮಲೆನಾಡು, ಕರಾವಳಿಯ ಮಕ್ಕಳು ಗುಡ್ಡ ಹತ್ತಿದರು, ಸಿಗ್ನಲ್ ಸಿಗುವ ಕಡೆ ಟಾರ್ಪಾಲು ಕಟ್ಟಿಕೊಂಡು ಕೂತರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಕಡೆ, ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಓಡಾಡಿತು. ಆ ಅಪ್ಪ ನಮ್ಮ ಮೂರು ತಾಲ್ಲೂಕುಗಳ ಯಾವ ಊರಿನವನೂ ಆಗಿರಬಹುದಿತ್ತು.

ಅದಾದ ಮೇಲೆ ಹಳ್ಳಿ ಹಳ್ಳಿಗೆ ಫೈಬರ್ ಬಂತು. ಕರೆಂಟು ಕಂಬಗಳ ಮೇಲೆ, ಮರಗಳ ನಡುವೆ ಕಪ್ಪು ತಂತಿ ಎಳೆದುಕೊಂಡು ಹೋದ ಹುಡುಗರು ನಿಮ್ಮಲ್ಲೇ ಕೆಲವರು. ಜೊತೆಗೆ ಇನ್ನೊಂದು ಬದಲಾವಣೆ: 2019ರ ಕೊನೆಗೆ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಮೂಲಕವೇ ಮಾಮೂಲಿ ಕರೆ ಮಾಡುವ ಸೌಲಭ್ಯ ಕೊಟ್ಟವು. ಟವರಿನ ಒಂದು ಕಡ್ಡಿಯೂ ತೋರದ ಮನೆಯಲ್ಲಿ ವೈಫೈ ಇದ್ದರೆ ಸಾಕು, ಫೋನು ರಿಂಗಾಗುತ್ತದೆ. ಹಾಗಾಗಿ ನಮ್ಮ ಕಡೆ ವೈಫೈ ಎಂದರೆ ರೀಲ್ಸು, ಸಿನಿಮಾ ಮಾತ್ರ ಅಲ್ಲ. ಮಗ ದುಬೈಯಿಂದ ಮಾಡುವ ಕರೆ ಅದು, ಆಸ್ಪತ್ರೆಯಿಂದ ಬರುವ ಸುದ್ದಿ ಅದು, ಬ್ಯಾಂಕಿನ ಒಟಿಪಿ ಕೂಡ ಅದೇ. ಇಷ್ಟು ಬೇಕಾದ ವಸ್ತು ಒಂದು ಮನೆಯಲ್ಲಿದ್ದು ಪಕ್ಕದ ಮನೆಯಲ್ಲಿ ಇಲ್ಲದಿದ್ದರೆ ಹಂಚಿಕೊಳ್ಳುವ ಮಾತು ಬಂದೇ ಬರುತ್ತದೆ.

ಹಂಚಿಕೊಳ್ಳುವುದು ನಮಗೆ ಹೊಸದೇನಲ್ಲ. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ನಿಮ್ಮ ಅಪ್ಪ ಅಮ್ಮಂದಿರಿಗೆ ನೆನಪಿದೆ. ಊರಿಗೊಂದೋ ಎರಡೋ ಫೋನು. ಮದುವೆ ಕಾಗದದಲ್ಲಿ, ಅಂಗಡಿಯ ರಸೀತಿಯಲ್ಲಿ ಪಕ್ಕದ ಮನೆಯ ನಂಬರು ಹಾಕಿ ಮುಂದೆ "ಪಿ.ಪಿ." ಎಂದು ಅಚ್ಚು ಹಾಕಿಸುತ್ತಿದ್ದರು. ಆ ನಂಬರಿಗೆ ಮಾಡಿ, ಇಂಥವರನ್ನು ಕರೆಯಿರಿ ಎಂದರೆ ಆ ಮನೆಯವರು ಹುಡುಗನನ್ನು ಓಡಿಸಿ ಕರೆಸುತ್ತಿದ್ದರು. "ಹತ್ತು ನಿಮಿಷ ಬಿಟ್ಟು ಮಾಡಿ, ಗದ್ದೆಯಲ್ಲಿದ್ದಾರೆ" ಎನ್ನುವುದು ದಿನದ ಮಾತು.

ಆ ಫೋನಿಗೆ ಯಾರೂ ಬರೆದಿಡದ ಕಟ್ಟುಪಾಡುಗಳಿದ್ದವು. ನಂಬರು ಅಚ್ಚು ಹಾಕಿಸುವ ಮೊದಲು ಅವರನ್ನು ಕೇಳಬೇಕು. ಊಟದ ಹೊತ್ತಿನಲ್ಲಿ, ರಾತ್ರಿ ತಡವಾಗಿ ಹೋಗಬಾರದು. ಎಸ್‌ಟಿಡಿ ಮಾಡಿದರೆ ಎಷ್ಟು ನಿಮಿಷ ಎಂದು ಹೇಳಿ ದುಡ್ಡು ಇಟ್ಟು ಬರಬೇಕು. ಅವರು ಬೇಡವೆಂದರೂ ಇಡಬೇಕು. ಅವರ ಫೋನಿನಲ್ಲಿ ನಿಂತು ಜಗಳ ಆಡಬಾರದು, ಯಾರಿಗೂ ಬೆದರಿಕೆ ಹಾಕಬಾರದು. ಈ ಕಟ್ಟುಪಾಡು ಮುರಿದವರಿಂದಾಗಿಯೇ ಡಯಲಿಗೆ ಪುಟ್ಟ ಬೀಗ ಹಾಕುವ ಪದ್ಧತಿ ಬಂದದ್ದು. ಬೀಗ ಬಂದ ಮೇಲೂ ಕೇಳಿದವರಿಗೆ ಕೀಲಿ ಸಿಗುತ್ತಿತ್ತು. ಇಂದಿನ ವೈಫೈಗೂ ಅದೇ ಕಟ್ಟುಪಾಡು ಸಾಲುತ್ತದೆ. ಒಂದೇ ವ್ಯತ್ಯಾಸ: ಅಂದು ಫೋನು ಮಾಡಲು ಅವರ ಚಾವಡಿಗೇ ಹೋಗಬೇಕಿತ್ತು, ಮುಖ ತೋರಿಸಬೇಕಿತ್ತು. ಇಂದು ಗೋಡೆಯಾಚೆ ಮಲಗಿಕೊಂಡೇ ಬಳಸಬಹುದು. ಮುಖ ಕಾಣದಿರುವುದರಿಂದಲೇ ಮರ್ಯಾದೆ ತಪ್ಪುವುದು ಸುಲಭವಾಗಿದೆ.

ಇನ್ನು ಹೆಸರಿನ ವಿಷಯ. ನೀವು ಯಾವುದೇ ಜಾಲತಾಣ ತೆರೆದಾಗ ಆಚೆ ಬದಿಗೆ ಕಾಣುವುದು ಇಂಟರ್‌ನೆಟ್ ಕಂಪನಿ ಆ ಮನೆಗೆ ಕೊಟ್ಟ ಐಪಿ ವಿಳಾಸ. ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಗ್ರಾಹಕರ ಪಾಲಿಗಿತ್ತು ಎಂಬ ದಾಖಲೆ ಕಂಪನಿಯ ಹತ್ತಿರ ಇರುತ್ತದೆ. ಗ್ರಾಹಕರ ಆಧಾರ್, ಫೋಟೊ, ಮನೆಯ ವಿಳಾಸವೂ ಅಲ್ಲೇ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಆ ವೈಫೈಗೆ ಯಾರ ಯಾರ ಫೋನು ಸೇರಿತ್ತು ಎಂಬ ಗುರುತು ಮನೆಯ ರೌಟರಿನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಈಚಿನ ಫೋನುಗಳಂತೂ ಪ್ರತಿ ವೈಫೈಗೂ ಬೇರೆ ಬೇರೆ ಗುರುತು ತೋರಿಸುತ್ತವೆ. ಹೀಗಾಗಿ ವಿಚಾರಣೆ ಬಂದರೆ ಅದು ಮೊದಲು ಹೋಗುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಆ ಮನೆಯಲ್ಲಿರುವುದು ಬಟನ್ ಫೋನು ಬಿಟ್ಟು ಬೇರೇನೂ ಮುಟ್ಟದ ಅಜ್ಜನಾಗಿದ್ದರೂ ಮೊದಲ ಪ್ರಶ್ನೆ ಅವರಿಗೇ.

ಇದು ಊಹೆಯ ಮಾತಲ್ಲ, ನಡೆದದ್ದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿವಿ ವಾಹಿನಿಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಜಾಡು ಹಿಡಿದು ಪೊಲೀಸರು ಹೋದದ್ದು ನವಿ ಮುಂಬಯಿಯ ಸಾನ್‌ಪಾಡಾದಲ್ಲಿ ವಾಸವಿದ್ದ ಒಬ್ಬ ಅಮೆರಿಕದ ಪ್ರಜೆಯ ಫ್ಲ್ಯಾಟಿಗೆ. ಅವರ ವೈಫೈ ಬಳಸಿ ಬೇರೆ ಯಾರೋ ಆ ಮೇಲ್ ಕಳಿಸಿದ್ದರು. ಅದು ಸ್ಪಷ್ಟವಾಗುವ ಮೊದಲು ಅವರ ಕಂಪ್ಯೂಟರುಗಳು ಜಪ್ತಿಯಾದವು, ವಿಚಾರಣೆ ನಡೆಯಿತು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹೆಸರು ಬಂತು. ಆ ಆಗಸ್ಟ್‌ನಲ್ಲಿ ಮಾಟುಂಗಾದ ಒಂದು ಕಾಲೇಜಿನ ವೈಫೈ, ಸೆಪ್ಟೆಂಬರ್‌ನಲ್ಲಿ ದೆಹಲಿ ಸ್ಫೋಟದ ಹೊತ್ತಿಗೆ ಚೆಂಬೂರಿನ ಒಂದು ಕಂಪನಿಯ ವೈಫೈ ಹಾಗೆಯೇ ದುರ್ಬಳಕೆಯಾದವು. 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ವೈಫೈಗಳನ್ನು ಭದ್ರಪಡಿಸುವಂತೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿದ್ದು ಇದೇ ಹಿನ್ನೆಲೆಯಲ್ಲಿ.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಕ್ಸಲ್ ಚಟುವಟಿಕೆ ಮತ್ತು ಕೂಂಬಿಂಗ್ ಜೋರಾಗಿದ್ದ ವರ್ಷಗಳಲ್ಲಿ ರಾತ್ರಿ ಬಾಗಿಲು ತಟ್ಟಿದವರು ಯಾರು, ಯಾಕೆ ಅನ್ನ ಹಾಕಿದಿರಿ ಎಂಬ ಪ್ರಶ್ನೆಗೆ ಕಾಡಂಚಿನ ಒಂಟಿಮನೆಗಳವರು ಉತ್ತರ ಕೊಡಬೇಕಾಗಿ ಬಂದಿತ್ತು. ಬಂದವರು ಹೋಗಿರುತ್ತಿದ್ದರು, ಉಳಿದವರು ಮನೆಯವರು. ಮಾಡದ ಕೆಲಸಕ್ಕೆ ಉತ್ತರ ಕೊಡುವುದು ಎಂಥ ಸಂಕಟ ಎಂದು ಗೊತ್ತಿರುವ ಊರಿನವರು ನಾವು. ಪಕ್ಕದ ಮನೆಯವರನ್ನು ನಮ್ಮ ಕೈಯಾರೆ ಆ ಜಾಗದಲ್ಲಿ ನಿಲ್ಲಿಸಬಾರದು.

"ನಾನೇನು ಬಾಂಬ್ ಬೆದರಿಕೆ ಹಾಕುತ್ತೇನಾ?" ಎನ್ನುತ್ತೀರಿ. ಇಲ್ಲ, ಹಾಕುವುದಿಲ್ಲ. ಆದರೆ ಸಿಟ್ಟಿನಲ್ಲಿ ಬೇರೆ ಹೆಸರಿನ ಖಾತೆಯಿಂದ ಸಹಪಾಠಿಯ ಬಗ್ಗೆ ಬರೆದ ಒಂದು ಕೆಟ್ಟ ಮಾತು, ಗೆಳೆಯ ಕಳಿಸಿದ ಲಿಂಕಿನ ಬೆಟ್ಟಿಂಗ್ ಆ್ಯಪ್, ಕಳ್ಳ ಸಿನಿಮಾದ ಫೈಲು, ನೋಡಬಾರದ ವಿಡಿಯೊ ಇವೆಲ್ಲವೂ ದೂರು ಹುಟ್ಟಿಸುವಂಥವೇ. ಹೊರದೇಶದಲ್ಲಿರುವ ನಮ್ಮವರಿಗೂ ಇದು ಅನ್ವಯಿಸುತ್ತದೆ. 2005ರಲ್ಲಿ ಲಂಡನ್ನಿನಲ್ಲಿ ಯಾರದೋ ಮನೆಯ ವೈಫೈಯನ್ನು ಹೊರಗಿನಿಂದ ಬಳಸಿದವನಿಗೆ ನ್ಯಾಯಾಲಯ 500 ಪೌಂಡ್ ದಂಡ ಹಾಕಿತು. ಜರ್ಮನಿಯಲ್ಲಿ 2010ರ ಮೇ ತಿಂಗಳಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಇನ್ನೊಂದು ಬದಿಯನ್ನು ನೋಡಿತು. ಮಾಲೀಕ ರಜೆಗೆ ಹೋಗಿದ್ದಾಗ ಅವನ ವೈಫೈ ಮೂಲಕ ಯಾರೋ ಹಾಡೊಂದನ್ನು ಹಂಚಿದ್ದರು. ವೈಫೈಯನ್ನು ಸರಿಯಾಗಿ ಭದ್ರಪಡಿಸದ ಹೊಣೆಯಿಂದ ಮಾಲೀಕ ತಪ್ಪಿಸಿಕೊಳ್ಳಲಾರ ಎಂದು ತೀರ್ಪು ಬಂತು. 2017ರಲ್ಲಿ ಅಲ್ಲಿ ಕಾನೂನು ಸಡಿಲವಾಯಿತು. ಆದರೂ ಒಂದು ಕಡೆ ಬಳಸಿದವನು, ಇನ್ನೊಂದು ಕಡೆ ಬಿಟ್ಟುಕೊಟ್ಟವನು, ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಹತ್ತಿದ್ದೇ.

ನಮ್ಮ ಕಾನೂನೂ ಸ್ಪಷ್ಟವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮಾಲೀಕರ ಅಥವಾ ಉಸ್ತುವಾರಿಯಲ್ಲಿರುವವರ ಅನುಮತಿ ಇಲ್ಲದೆ ಒಂದು ಕಂಪ್ಯೂಟರ್ ಜಾಲವನ್ನು ಪ್ರವೇಶಿಸುವುದನ್ನು ತಪ್ಪೆನ್ನುತ್ತದೆ, ನಷ್ಟ ಕಟ್ಟಿಕೊಡಬೇಕೆನ್ನುತ್ತದೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಅಥವಾ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಕೇಳುವುದು ಅನುಮತಿ ಇತ್ತೇ ಎಂದು. ಪಾಸ್‌ವರ್ಡ್ ಇರಲಿಲ್ಲ ಎನ್ನುವುದು ಅದಕ್ಕೆ ಉತ್ತರವಾಗದು. ಜಗಲಿಯಲ್ಲಿ ಕೂತು ವಾಟ್ಸ್‌ಆ್ಯಪ್ ನೋಡಿದವನನ್ನು ಯಾರೂ ಜೈಲಿಗೆ ಹಾಕಲಿಕ್ಕಿಲ್ಲ. ಆದರೆ ವಿಚಾರಣೆಯ ದಿನ "ಓಪನ್ ಇತ್ತು ಸಾರ್" ಎಂಬ ಮಾತು ನಿಮ್ಮನ್ನು ಕಾಯುವುದಿಲ್ಲ.

ಓಪನ್ ಇರುವುದು ಆಹ್ವಾನವಲ್ಲ ಎಂಬುದು ತೋಟದ ಊರಿನವರಿಗೆ ಗೊತ್ತಿರುವ ಸಂಗತಿ. ದಣಪೆ ಸರಿಸಿಟ್ಟಿದ್ದರೆ ತೋಟದ ನಡುವಿನ ಕಾಲುದಾರಿಯಲ್ಲಿ ದಾಟಿ ಹೋಗುತ್ತೇವೆ, ಯಾರೂ ಏನೂ ಅನ್ನುವುದಿಲ್ಲ. ದಣಪೆ ತೆರೆದಿತ್ತು ಎಂದು ಅಡಿಕೆ ಕೊನೆ ಇಳಿಸಿಕೊಂಡು ಬರುವುದಿಲ್ಲ. ವೈಫೈಯಲ್ಲೂ ಈ ಎರಡರ ನಡುವಿನ ಗೆರೆ ಹಾಕಿಕೊಳ್ಳಿ. ನಿಮ್ಮ ಫೋನು ತಾನಾಗಿಯೇ ಸೇರಿಕೊಂಡಿದ್ದರೆ ಪಾಪವೇನೂ ಇಲ್ಲ, ಗೊತ್ತಾದ ಕೂಡಲೇ ಬಿಡಿಸಿ. ಮನೆಯಲ್ಲಿ ಯಾರಿಗೋ ಹಾವು ಕಚ್ಚಿದೆ, 108ಕ್ಕೆ ಕರೆ ಹೋಗುತ್ತಿಲ್ಲ, ಪಕ್ಕದ ವೈಫೈ ಮಾತ್ರ ಸಿಗುತ್ತಿದೆ ಎಂದರೆ ಯೋಚನೆ ಮಾಡದೆ ಬಳಸಿ. ಜೀವ ಉಳಿದ ಮೇಲೆ ಹೋಗಿ ಹೇಳಿ. ಇವೆರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬಾಯಿಬಿಟ್ಟು ಕೇಳುವುದೇ ದಾರಿ. ಆ ಮನೆಯ ಚಿಕ್ಕ ಹುಡುಗನಿಂದ ಪುಸಲಾಯಿಸಿ ತಿಳಿದ ಪಾಸ್‌ವರ್ಡ್ ಅನುಮತಿಯಾಗುವುದಿಲ್ಲ. ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿರುತ್ತಾರೆ ಎಂದು ಊಹಿಸಿ ಒಳಹೊಕ್ಕರೆ ಅದಕ್ಕೆ ಕಳ್ಳತನ ಎಂದೇ ಹೆಸರು.

ಇಲ್ಲಿಯವರೆಗೆ ಪಕ್ಕದ ಮನೆಯವರ ಪರ ಮಾತಾಡಿದೆ. ಇನ್ನು ನಿಮ್ಮ ಪರ.

ವೈಫೈ ಎಂದರೆ ರೇಡಿಯೊ. ಪಾಸ್‌ವರ್ಡ್ ಇದ್ದರೆ ಫೋನಿನಿಂದ ರೌಟರಿಗೆ ಗಾಳಿಯಲ್ಲಿ ಹೋಗುವ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಓಪನ್ ಇದ್ದರೆ ಸಾಮಾನ್ಯವಾಗಿ ಆ ಮುಸುಕು ಇರುವುದಿಲ್ಲ. ಹತ್ತಿರದಲ್ಲಿ ಕೂತ ಯಾರಾದರೂ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ಹಲವು ದೇಶಗಳ ಬೀದಿಗಳಲ್ಲಿ ಫೋಟೊ ತೆಗೆಯುತ್ತ ಹೋದಾಗ ಓಪನ್ ವೈಫೈಗಳಲ್ಲಿ ಹರಿಯುತ್ತಿದ್ದ ಜನರ ಮಾಹಿತಿಯ ತುಣುಕುಗಳನ್ನೂ ಹಿಡಿದಿದ್ದವು. ಕಂಪನಿಯೇ ಇದನ್ನು 2010ರ ಮೇ ತಿಂಗಳಲ್ಲಿ ಒಪ್ಪಿಕೊಂಡಿತು. ರಸ್ತೆಯಲ್ಲಿ ಹಾದುಹೋಗುವ ಕಾರಿಗೇ ಅಷ್ಟು ಸಿಕ್ಕಿತು ಎಂದಮೇಲೆ ಪಕ್ಕದ ರೂಮಿನಲ್ಲಿ ದಿನವಿಡೀ ಕೂತವನಿಗೆ ಎಷ್ಟು ಸಿಗಬಹುದು ಲೆಕ್ಕ ಹಾಕಿ. ಅದೇ ವರ್ಷ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ ಬಂತು. ಓಪನ್ ವೈಫೈಯಲ್ಲಿ ಕೂತವರ ಫೇಸ್‌ಬುಕ್ ಖಾತೆಯೊಳಗೆ ಅದೇ ವೈಫೈಯಲ್ಲಿರುವ ಯಾರಾದರೂ ಒಂದು ಕ್ಲಿಕ್ಕಿನಲ್ಲಿ ನುಗ್ಗಬಹುದು ಎಂದು ಅದು ಲೋಕಕ್ಕೆ ತೋರಿಸಿತು.

ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಸುಮ್ಮನೆ ಹೆದರಿಸುವುದಿಲ್ಲ. ಇಂದು ಬಹುತೇಕ ತಾಣಗಳು, ಬ್ಯಾಂಕಿನ ಆ್ಯಪುಗಳು ಎಚ್‌ಟಿಟಿಪಿಎಸ್ ಎಂಬ ಇನ್ನೊಂದು ಮುಸುಕು ಹಾಕಿಯೇ ಮಾತಾಡುತ್ತವೆ. ನಿಮ್ಮ ಪಾಸ್‌ವರ್ಡು, ಸಂದೇಶ ಗಾಳಿಯಲ್ಲಿ ಬೆತ್ತಲೆ ಹೋಗುವುದಿಲ್ಲ. ಆದರೂ ಯಾವ ತಾಣಕ್ಕೆ ಹೋದಿರಿ ಎನ್ನುವುದು ಬಹಳ ಸಲ ಕಾಣುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಆ ವೈಫೈ ನಿಜವಾಗಿ ಯಾರದು ಎಂಬುದು ನಿಮಗೆ ಗೊತ್ತಿರುವುದಿಲ್ಲ. ಹೆಸರು ಇಡುವುದು ಯಾರ ಕೈಯಲ್ಲೂ ಆಗುವ ಕೆಲಸ. ನವರಾತ್ರಿಯ ಹೊತ್ತಿಗೆ ಶೃಂಗೇರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆ ಗುಂಪಿನಲ್ಲಿ ಒಬ್ಬ ತನ್ನ ಫೋನಿನ ಹಾಟ್‌ಸ್ಪಾಟಿಗೆ ಪಕ್ಕದ ಲಾಡ್ಜಿನ ಹೆಸರೇ ಇಟ್ಟರೆ ಅದನ್ನು ಗುರುತಿಸುವ ದಾರಿ ನಿಮ್ಮ ಹತ್ತಿರ ಇಲ್ಲ. ಒಮ್ಮೆ ಒಂದು ಓಪನ್ ವೈಫೈಗೆ ಸೇರಿದ ಫೋನು ಆ ಹೆಸರು ಮತ್ತೆ ಕಂಡಲ್ಲೆಲ್ಲ ಕೇಳದೆ ಸೇರಿಕೊಳ್ಳುವುದೂ ಉಂಟು.

ಹಾಗಾಗಿ ನಾಲ್ಕು ಮಾತು ನೆನಪಿಟ್ಟುಕೊಳ್ಳಿ. ವೈಫೈಗೆ ಸೇರಿದ ಕೂಡಲೇ ತೆರೆಯುವ ಪುಟ ನಿಮ್ಮ ಜಿಮೇಲ್ ಪಾಸ್‌ವರ್ಡ್ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಅಲ್ಲಿಂದಲೇ ಹಿಂದಿರುಗಿ. "ಈ ಸಂಪರ್ಕ ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬಂದರೆ ಮುಂದೆ ಒತ್ತಬೇಡಿ. ಯುಪಿಐ, ಬ್ಯಾಂಕು, ಪರೀಕ್ಷಾ ಶುಲ್ಕ ಇವನ್ನು ನಿಮ್ಮ ಸ್ವಂತ ಮೊಬೈಲ್ ಡೇಟಾದಲ್ಲೇ ಮಾಡಿ, ಗುಡ್ಡ ಹತ್ತಬೇಕಾದರೂ ಸರಿ. ಕೆಲಸ ಮುಗಿದ ಮೇಲೆ ಆ ವೈಫೈ ಹೆಸರನ್ನು ಫೋನಿನಿಂದ ಅಳಿಸಿ. ಪುಕ್ಕಟೆ ವಿಪಿಎನ್ ಹಾಕಿಕೊಂಡರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಪಕ್ಕದ ಮನೆಯವರ ಬದಲು ಕಾಣದ ಊರಿನ ಕಂಪನಿಯೊಂದನ್ನು ನಂಬಿದಂತಾಯಿತು, ಅಷ್ಟೇ. ಏನಾದರೂ ಹಣ ಹೋಯಿತೆಂದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಒಂದು ಮಾತು ವೈಫೈ ಇರುವ ಮನೆಯ ಮಕ್ಕಳಿಗೆ. ನಿಮ್ಮ ಅಪ್ಪ ಅಡಿಕೆ ಅಂಗಳ ಕಾಯಲು ಕ್ಯಾಮೆರಾ ಹಾಕಿಸಿದ್ದಾರೆ. ಕೊಯ್ಲಿನ ಕಾಲದಲ್ಲಿ ಒಣಹಾಕಿದ ಅಡಿಕೆಗೆ ಅದು ಬೇಕು ಕೂಡ. ಆದರೆ ಬಹಳ ಕಡೆ ಕ್ಯಾಮೆರಾಕ್ಕೂ ರೌಟರಿಗೂ ಪೆಟ್ಟಿಗೆಯಲ್ಲಿ ಬಂದ "ಅಡ್ಮಿನ್" ಎಂಬ ಪಾಸ್‌ವರ್ಡೇ ಉಳಿದಿರುತ್ತದೆ. ನಿಮ್ಮ ವೈಫೈಗೆ ಸೇರಿದವರು ಇಂಟರ್‌ನೆಟ್ಟಿಗೆ ಮಾತ್ರ ಹೋಗುತ್ತಾರೆ ಎಂದುಕೊಂಡಿದ್ದರೆ ತಪ್ಪು. ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲ ಇರುವ ಮನೆಯೊಳಗಿನ ಜಾಲಕ್ಕೇ ಬಂದಿರುತ್ತಾರೆ. ಅಂಗಳದಲ್ಲಿ ಎಷ್ಟು ಅಡಿಕೆ ಇದೆ, ಮನೆಯವರು ಯಾವಾಗ ಹೊರಟರು ಎಂದು ನಿಮ್ಮದೇ ಕ್ಯಾಮೆರಾ ಕಳ್ಳನಿಗೆ ತೋರಿಸಬಾರದು.

ಅದಕ್ಕೆ ಮಾಡಬೇಕಾದ ಕೆಲಸ ಅರ್ಧ ಗಂಟೆಯದ್ದು. ರೌಟರಿನ ಸೆಟ್ಟಿಂಗ್ ತೆರೆದು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. 2001ರಷ್ಟು ಹಿಂದೆಯೇ ಮುರಿದುಬಿದ್ದ ಡಬ್ಲ್ಯುಇಪಿಯನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ. ಡಬ್ಲ್ಯುಪಿಎಸ್ ಎಂಬ ಒಂದು ಗುಂಡಿಯ ಸೌಲಭ್ಯವನ್ನು ಆಫ್ ಮಾಡಿಬಿಡಿ. ವೈಫೈಯ ಪಾಸ್‌ವರ್ಡ್ ಬೇರೆ, ರೌಟರಿನ ಒಳಹೋಗುವ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಾಯಿಸಿ. ಫೋನ್ ನಂಬರು, ಮನೆ ಹೆಸರಿನ ಮುಂದೆ 123 ಇವೆಲ್ಲ ಬೇಡ. ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದರೆ ನೆನಪೂ ಇರುತ್ತದೆ, ಊಹಿಸಲೂ ಕಷ್ಟ. ಹಂಚಿಕೊಳ್ಳಬೇಕಾದರೆ ಹೆಚ್ಚಿನ ರೌಟರುಗಳಲ್ಲಿ "ಗೆಸ್ಟ್" ಎಂಬ ಬೇರೆ ಜಾಲ ಮಾಡುವ ಸೌಲಭ್ಯ ಇದೆ. ಸಾಮಾನ್ಯವಾಗಿ ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕ್ಯಾಮೆರಾ ಸಿಗುವುದಿಲ್ಲ. ಅದಕ್ಕೊಂದು ಪಾಸ್‌ವರ್ಡ್ ಇಟ್ಟು, ನಂಬುವವರಿಗೆ ಕೊಟ್ಟು, ಆಗಾಗ ಬದಲಿಸಿ.

ಓಪನ್ ಬಿಡುವುದರ ಪರವಾಗಿ ಮಾತಾಡಿದ ದೊಡ್ಡವರೂ ಇದ್ದಾರೆ. ಬ್ರೂಸ್ ಶ್ನಯರ್ ಎಂಬ ಹೆಸರಾಂತ ಭದ್ರತಾ ತಜ್ಞ ತನ್ನ ಮನೆಯ ವೈಫೈಯನ್ನು ಬೇಕೆಂದೇ ತೆರೆದಿಟ್ಟಿರುವುದಾಗಿ 2008ರ ಜನವರಿಯಲ್ಲಿ ಬರೆದ. ಬಂದವರನ್ನು ಉಪಚರಿಸುವುದು ಮನೆಯ ಮರ್ಯಾದೆ ಎಂಬುದು ಅವನ ವಾದದ ತಿರುಳು. ಕೇಳಲು ಮಲೆನಾಡಿನ ಮಾತಿನ ಹಾಗೇ ಇದೆ. ಆದರೆ ಅವನ ಕಂಪ್ಯೂಟರುಗಳನ್ನು ಕಾಪಾಡಿಕೊಳ್ಳುವ ವಿದ್ಯೆ ಅವನಿಗಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಅದಿಲ್ಲ. ಆಕೆಯ ವೈಫೈ ತೆರೆದಿರುವುದು ಬಹುಪಾಲು ಔದಾರ್ಯದಿಂದಲ್ಲ, ಯಾರೂ ಬಂದು ಬೀಗ ಹಾಕಿಕೊಡಲಿಲ್ಲ ಎಂಬುದರಿಂದ. ಅವನು ಹಾಗೆ ಬರೆದ ಆರೇಳು ತಿಂಗಳಲ್ಲೇ ಸಾನ್‌ಪಾಡಾದ ಪ್ರಕರಣ ನಡೆದದ್ದನ್ನೂ ಮರೆಯಬಾರದು.

ಎಲ್ಲರಿಗೂ ತೆರೆದ ಜಾಲ ಬೇಕು ಎನ್ನುವುದು ಒಳ್ಳೆಯ ಆಸೆಯೇ. ಅದನ್ನು ಒಂದು ಮನೆಯ ಹೆಸರಿನ ಮೇಲೆ ಹೊರಿಸದೆ ಊರಿನ ಹೆಸರಿನಲ್ಲಿ ಕೇಳಿ. 2018ರಲ್ಲಿ ಎರ್ನಾಕುಲಂ ರೈಲು ನಿಲ್ದಾಣದ ಕೂಲಿಯೊಬ್ಬ ನಿಲ್ದಾಣದ ಪುಕ್ಕಟೆ ವೈಫೈಯಲ್ಲಿ ಪಾಠ ಕೇಳುತ್ತ, ಸಾಮಾನು ಹೊರುತ್ತಲೇ ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದ. ಸಾರ್ವಜನಿಕ ಜಾಲ ಒಬ್ಬ ಬಡವನಿಗೆ ಏನು ಮಾಡಿಕೊಡಬಲ್ಲದು ಎಂಬುದಕ್ಕೆ ಅವನೇ ಸಾಕ್ಷಿ. ನಮ್ಮಲ್ಲಿ ರೈಲು ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಇದೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಕಂಪ್ಯೂಟರೂ ಇದೆ. ಅಲ್ಲಿ ಸಂಪರ್ಕ ಕೆಟ್ಟು ಕೂತಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು ನಿಮ್ಮ ಕೆಲಸ. 2020ರ ಡಿಸೆಂಬರ್ 9ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಒಂದು ಗೂಡಂಗಡಿಯೂ ಲೈಸೆನ್ಸ್ ಇಲ್ಲದೆ, ನೋಂದಣಿ ಶುಲ್ಕ ಇಲ್ಲದೆ ವೈಫೈ ಮಾರಬಹುದು. ಬಳಸುವವರ ಗುರುತು ಅವರವರ ಫೋನ್ ನಂಬರಿನಲ್ಲೇ ದಾಖಲಾಗುತ್ತದೆ. ಹೊಣೆ ಅಂಗಡಿಯವರ ತಲೆಗೆ ಬೀಳದ ಹಾಗೆ ಮಾಡಿದ ವ್ಯವಸ್ಥೆ ಅದು. ಮನೆಯ ಕನೆಕ್ಷನ್ನನ್ನು ಗುಟ್ಟಾಗಿ ನಾಲ್ಕು ಮನೆಗೆ ಬಾಡಿಗೆಗೆ ಕೊಡುವುದಕ್ಕಿಂತ ಈ ದಾರಿ ನೇರ. ಹಾಗೆ ಬಾಡಿಗೆಗೆ ಕೊಡುವುದನ್ನು ಇಂಟರ್‌ನೆಟ್ ಕಂಪನಿಗಳ ಕರಾರುಗಳು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ.

ಅಲ್ಲಿಯವರೆಗೆ ನೆರೆಮನೆಯೇ ಗತಿಯಾದರೆ ಹೇಗೆ ಕೇಳಬೇಕು, ಹೇಗೆ ಬಳಸಬೇಕು ಎಂದೂ ಹೇಳಿಬಿಡುತ್ತೇನೆ. ಮನೆಯ ಹಿರಿಯರನ್ನೇ ಕೇಳಿ. "ಸಿಇಟಿ ಅರ್ಜಿ ತುಂಬಬೇಕು, ಒಂದು ಗಂಟೆ ಸಾಕು" ಎಂದು ಕೆಲಸವನ್ನೂ ಹೊತ್ತನ್ನೂ ಹೇಳಿ. ನಿತ್ಯ ಬೇಕೆಂದರೆ ತಿಂಗಳ ಬಿಲ್ಲಿನಲ್ಲಿ ಪಾಲು ಕೊಡುವ ಮಾತು ನೀವೇ ತೆಗೆಯಿರಿ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿಯವರೆಗೆ ನುಂಗುತ್ತದೆ. ಮಿತಿ ಇರುವ ಪ್ಲಾನಿನಲ್ಲಿ ನಿಮ್ಮ ಸಿನಿಮಾದಿಂದ ಅವರ ಮಗಳ ಆಫೀಸಿನ ಮೀಟಿಂಗ್ ನಿಂತುಹೋದೀತು. ಅವರು ಕೊಟ್ಟ ಪಾಸ್‌ವರ್ಡ್ ನಿಮ್ಮ ಗೆಳೆಯರ ಸ್ವತ್ತಲ್ಲ. ಯಾರಾದರೂ ಕೇಳಿದರೆ "ಅವರನ್ನೇ ಕೇಳು" ಎನ್ನಿ. ಅವರ ಜಾಲದಲ್ಲಿ ಕೂತಿರುವಾಗ ಅವರ ಎದುರು ಕೂತು ಮಾಡಲಾಗದ ಕೆಲಸ ಮಾಡಬೇಡಿ. ಇಲ್ಲವೆಂದರೆ ಬೇಜಾರು ಮಾಡಿಕೊಳ್ಳದೆ ಬನ್ನಿ. ಇಲ್ಲವೆನ್ನುವ ಹಕ್ಕು ಅವರಿಗಿದೆ ಎಂದು ಒಪ್ಪಿದವರಿಗೆ ಮಾತ್ರ ಕೇಳುವ ಹಕ್ಕಿರುವುದು.

ಪಡೆದದ್ದನ್ನು ತೀರಿಸುವ ಪದ್ಧತಿಯೂ ನಮ್ಮಲ್ಲೇ ಇದೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗಿ ದುಡಿದ ಮನೆಗಳು ನಮ್ಮವು. ಅವರ ಗದ್ದೆಗೆ ನಾವು ಒಂದು ದಿನ, ನಮ್ಮ ಗದ್ದೆಗೆ ಅವರು ಒಂದು ದಿನ. ನಿಮ್ಮ ಕೈಯಲ್ಲಿ ಈಗ ಇರುವ ದುಡಿಮೆ ಬೇರೆ ತರದ್ದು. ನೆರೆಮನೆಯ ಹಿರಿಯರಿಗೆ ಪಹಣಿ ತೆಗೆದುಕೊಡಬಹುದು, ಬೆಳೆ ವಿಮೆಯ ಅರ್ಜಿ ತುಂಬಿಕೊಡಬಹುದು, ಒಟಿಪಿ ಯಾರಿಗೂ ಹೇಳಬೇಡಿ ಎಂದು ಹತ್ತು ಸಲ ನೆನಪಿಸಬಹುದು. ವೈಫೈ ಕೊಟ್ಟವರಿಗೆ ಇದಕ್ಕಿಂತ ಒಳ್ಳೆಯ ಬಾಡಿಗೆ ಇಲ್ಲ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಮುಂದೂಡಬೇಡಿ. ನಿಮ್ಮ ಫೋನಿನಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ ಒಂದು ಕಾಣುತ್ತಿದೆ, ಅದು ಯಾರ ಮನೆಯದು ಎಂದೂ ನಿಮಗೆ ಗೊತ್ತಿದೆ. ಆ ಮನೆಗೆ ಹೋಗಿ, "ನಿಮ್ಮ ವೈಫೈ ತೆರೆದಿದೆ, ಬೇಕಾದರೆ ಪಾಸ್‌ವರ್ಡ್ ಹಾಕಿಕೊಡುತ್ತೇನೆ" ಎನ್ನಿ. ಹೂಂ ಎಂದರೆ ಅವರ ಎದುರೇ ಕೂತು ಹಾಕಿಕೊಡಿ. ಪಾಸ್‌ವರ್ಡನ್ನು ಅವರ ಕೈಯಿಂದಲೇ ಟೈಪ್ ಮಾಡಿಸಿ, ನೀವು ಆಚೆ ತಿರುಗಿ. ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಲು ಹೇಳಿ. ನಾಳೆಯಿಂದ ನಿಮಗೆ ಆ ವೈಫೈ ಸಿಗದೇ ಹೋಗಬಹುದು. ಸಿಗಬೇಕೆಂದರೆ ಆಗ ಕೇಳಿ. ಅಷ್ಟು ಮಾಡಿದವರನ್ನು ನಮ್ಮೂರಿನಲ್ಲಿ ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ.